ಗುಳಿಗೆಯೂ ಹಿಮ್ಮಡಿಯೂ

ಬೈಕುಲ್ಲಾ ನಿಲ್ದಾಣದ ಮೆಟ್ಟಿಲುಗಳನ್ನು ನಿತ್ಯವೂ ಹತ್ತಿಳಿಯುವ, ಹೋಟೆಲುಗಳಲ್ಲಿ ಹಗಲೆಲ್ಲ ನಿಂತೇ ದುಡಿಯುವ ಕನ್ನಡಿಗನಿಗೆ ಕಾಲೇ ಬಂಡವಾಳ. ಜ್ವರವೋ ಭೇದಿಯೋ ಬಂದರೆ ಒಂದು ದಿನದ ಸಂಬಳ ಬಿಡಲಾರದೆ ಆತ ವೈದ್ಯರಲ್ಲಿಗೆ ಹೋಗದೆ ಔಷಧದಂಗಡಿಯ ಮುಂದೆ ನಿಲ್ಲುತ್ತಾನೆ. ಸಿಪ್ರೋಫ್ಲಾಕ್ಸಾಸಿನ್ ಅಥವಾ ಆಫ್ಲಾಕ್ಸಾಸಿನ್ ಗುಳಿಗೆ ಕೈಗೆ ಬರುತ್ತದೆ. ಕೆಲವು ದಿನಗಳ ಬಳಿಕ ಹಿಮ್ಮಡಿಯ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡರೆ ಅದನ್ನು ವಾತವೆಂದು ಭಾವಿಸಿ ಎಣ್ಣೆ ತಿಕ್ಕುವುದುಂಟು. ನುಂಗಿದ ಗುಳಿಗೆಯ ನೆನಪು ಬರುವುದಿಲ್ಲ.

ಫ್ಲೋರೋಕ್ವಿನೊಲೋನ್ ಎಂಬ ವರ್ಗಕ್ಕೆ ಸೇರಿದ ಈ ಆಂಟಿಬಯಾಟಿಕ್‌ಗಳಿಂದ, ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು ಕೆಲವರಲ್ಲಿ ಊದಿಕೊಳ್ಳುತ್ತದೆ. ಅಪರೂಪಕ್ಕೆ ಹರಿದೇ ಹೋಗುತ್ತದೆ. ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ರಜ್ಜುವೇ ಹೆಚ್ಚಾಗಿ ಇದಕ್ಕೆ ಗುರಿ. ನೋವು 2 ದಿನಗಳಲ್ಲೇ ಆರಂಭವಾಗಬಹುದು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. 60 ವರ್ಷ ದಾಟಿದವರಿಗೆ, ದಮ್ಮು ಅಥವಾ ಸಂಧಿವಾತಕ್ಕಾಗಿ ಸ್ಟಿರಾಯ್ಡ್ ಸೇವಿಸುವವರಿಗೆ, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ಅಪಾಯ ಅಧಿಕ. ಈ ಎಚ್ಚರಿಕೆಯನ್ನು ಕಪ್ಪು ಚೌಕಟ್ಟಿನೊಳಗೆ ಮುದ್ರಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿಯೇ ವಿಧಿಸಿತು. ಅಲ್ಪ ಸೋಂಕುಗಳಿಗೆ ಇವನ್ನು ಬಳಸಕೂಡದೆಂದು ಯುರೋಪಿನ ಸಂಸ್ಥೆಯೂ 2018ರಲ್ಲಿ ಹೇಳಿತು.

ಭಾರತದಲ್ಲಿ ಕಾನೂನಿಲ್ಲವೆಂದಲ್ಲ. ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಲೀವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್‌ಗಳಂತೂ 2014ರ ಮಾರ್ಚ್‌ನಿಂದ ‘ಎಚ್ 1’ ಅನುಸೂಚಿಯಲ್ಲಿವೆ. ಕೊಂಡವನ ಹೆಸರನ್ನು ಅಂಗಡಿಯವನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಆದರೆ ಕಾನೂನಿನ ದನಿ ಅಂಗಡಿಯ ಹಲಗೆಯವರೆಗೆ ತಲಪುವುದು ಅಪರೂಪ. ಪಟ್ಟಿಯಿಂದ ಕತ್ತರಿಸಿಕೊಟ್ಟ ನಾಲ್ಕು ಗುಳಿಗೆಗಳೊಡನೆ ಎಚ್ಚರಿಕೆಯ ಕಾಗದ ಬರುವುದಿಲ್ಲ. ಬಂದರೂ ಅದು ಇಂಗ್ಲಿಷಿನ ಇರುವೆಯಕ್ಷರ! ಕೊಂಡವನ ಅಜ್ಞಾನವನ್ನು ಹಳಿಯುವ ಮೊದಲು ಅವನಿಗೆ ತಿಳಿಯುವ ಭಾಷೆಯಲ್ಲಿ ಯಾರು ಏನು ಹೇಳಿದರೆಂದು ಕೇಳುವುದು ನ್ಯಾಯ.

ಔಷಧವೇ ಕೆಟ್ಟದ್ದೆಂಬ ವಾದವೂ ಸಲ್ಲದು. ಸಾಮಾನ್ಯ ಮದ್ದಿಗೆ ಬಗ್ಗದ, ಮುಂಬಯಿಯನ್ನು ಬಹುಕಾಲದಿಂದ ಕಾಡುತ್ತಿರುವ ಕ್ಷಯಕ್ಕೆ ಇದೇ ವರ್ಗದ ಗುಳಿಗೆಗಳು ಆಧಾರ. ಅಂಥ ರೋಗಿ ಕಾಲುನೋವೆಂದು ಚಿಕಿತ್ಸೆಯನ್ನು ತಾನೇ ಬಿಡಬಾರದು; ಅಂದೇ ವೈದ್ಯರಿಗೆ ತಿಳಿಸಬೇಕು. ಸಣ್ಣ ಸೋಂಕಿಗೆ ನುಂಗುತ್ತಿರುವವನು ಮಾತ್ರ ನೋವು ಕಂಡೊಡನೆ ಗುಳಿಗೆ ನಿಲ್ಲಿಸಿ, ಕಾಲಿಗೆ ವಿಶ್ರಾಂತಿ ಕೊಟ್ಟು, ವೈದ್ಯರನ್ನು ಕಾಣಬೇಕು. ತಿಕ್ಕುವುದು ಬೇಡ, ನೋವು ನುಂಗಿ ಕೆಲಸಕ್ಕೆ ನಿಲ್ಲುವುದಂತೂ ಬೇಡವೇ ಬೇಡ. “ವಯಸ್ಸೆಷ್ಟು? ಸ್ಟಿರಾಯ್ಡ್ ಸೇವಿಸುತ್ತಿರುವಿರಾ?” ಎಂಬೆರಡು ಪ್ರಶ್ನೆಗಳನ್ನು ಗುಳಿಗೆ ಬರೆಯುವವರೂ ಕೊಡುವವರೂ ಕೇಳಲು ಅರ್ಧ ನಿಮಿಷ ಸಾಕು.