ಕೇಳಲಾಗದ ಒಂದು ತುಂಡು ರೊಟ್ಟಿ

ಮಲ್ಲಟ, ಮಾನ್ವಿ, ದೇವದುರ್ಗದ ಕಡೆಯ ಮಕ್ಕಳಿಗೆ 'ಗುಳೆ' ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗಳಿಗೆ ಬೀಗ ಬೀಳುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ತುಂಬುತ್ತ ಹೋಗುತ್ತದೆ. 1870ರ ದಶಕದ ಬರಗಾಲದಲ್ಲಿ ಹೀಗೆಯೇ ನೆಲೆ ತಪ್ಪಿ ರಾಯಚೂರಿಗೆ ಬಂದ ಒಂದು ಕುಟುಂಬವಿತ್ತು. ಅದರ ಕಿರಿಯ ಮಗಳೇ ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾದವರು.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜಾತಿಯವರ ವಿರೋಧ ಕಟ್ಟಿಕೊಂಡು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದ್ದರು. ರಮಾಬಾಯಿ ಹುಟ್ಟಿದ್ದು ಅಲ್ಲಿ, 1858ರಲ್ಲಿ. ಕೆಲವೇ ತಿಂಗಳಲ್ಲಿ ಆ ಮನೆಯನ್ನೂ ಬಿಡಬೇಕಾಯಿತು. ಕೂಸನ್ನು ಬುಟ್ಟಿಯಲ್ಲಿಟ್ಟು ಹೊತ್ತೊಯ್ದರಂತೆ. ಅಲ್ಲಿಂದ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದಾಟ, ಪುರಾಣ ಓದಿ ಬಂದದ್ದರಲ್ಲಿ ಊಟ. ಶಾಲೆಯ ಮೆಟ್ಟಿಲು ಹತ್ತದ ಹುಡುಗಿ ತಾಯಿಯ ಬಾಯಿಂದ ಕೇಳಿಯೇ ಭಾಗವತದ 18,000 ಶ್ಲೋಕಗಳನ್ನು ಕಂಠಪಾಠ ಮಾಡಿದಳು.

ಬರ ಬಂದಾಗ ಪುರಾಣ ಕೇಳುವವರು ಯಾರು? ಇದ್ದುದೆಲ್ಲ ಮಾರಿ ದಾನ, ವ್ರತಗಳನ್ನು ಮಾಡಿದರು. ದೇವರು ಕಣ್ಣು ತೆರೆಯಲಿಲ್ಲ ಎಂದೇ ಅವರಿಗೆ ತೋರಿತು. ಮೊದಲು ತಂದೆ ಹೋದರು. ರಾಯಚೂರಿಗೆ ಬಂದ ಮೇಲೆ ತಾಯಿ ಜ್ವರ ಹಿಡಿದು ಮಲಗಿದರು. ಜ್ವರದ ಕನವರಿಕೆಯಲ್ಲಿ ಆಕೆ ಕೇಳಿದ್ದು ಒಂದು ತುಂಡು ಸಜ್ಜೆ ರೊಟ್ಟಿ. ಮಗಳು ಪಕ್ಕದ ಮನೆಗೆ ಹೋದಳು. ಬೇಡಿ ಅಭ್ಯಾಸವಿಲ್ಲ, ನಾಲಿಗೆ ಏಳಲಿಲ್ಲ, ಕಣ್ಣೀರು ಬಂತು. ಆ ಮನೆಯಾಕೆ ತಾನೇ ಅರಿತು ರೊಟ್ಟಿ ಕೊಟ್ಟಳು. ಆದರೆ ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಶವ ಹೊರಲು ಸಿಕ್ಕವರು ಇಬ್ಬರೇ. ಅಣ್ಣ ಶ್ರೀನಿವಾಸ ಮೂರನೆಯವನು. ನಾಲ್ಕನೆಯ ಹೆಗಲು ರಮಾಬಾಯಿಯದು. ಗಿಡ್ಡ ಆಳಾದ್ದರಿಂದ ಚಟ್ಟವನ್ನು ತಲೆಯ ಮೇಲೆ ಹೊರಬೇಕಾಯಿತು.

ಅಕ್ಕನೂ ತೀರಿಕೊಂಡ ಮೇಲೆ ಅಣ್ಣ ತಂಗಿ ನಡೆಯುತ್ತ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿಯ ವಿದ್ವಾಂಸರು 'ಪಂಡಿತಾ' ಎಂದು ಕರೆದು ಗೌರವಿಸಿದರು. ಬಿರುದು ಬಂತು, ನೆಮ್ಮದಿ ಬರಲಿಲ್ಲ. 1880ರಲ್ಲಿ ಅಣ್ಣ, 1882ರಲ್ಲಿ ಗಂಡ ಬಿಪಿನ್ ಬಿಹಾರಿ ಇಬ್ಬರೂ ಹೋದರು. ಕೈಯಲ್ಲಿ ಉಳಿದದ್ದು ಕೂಸು ಮನೋರಮಾ.

ಗಂಡನ ಪುಸ್ತಕಗಳ ನಡುವೆ ಆಕೆಗೆ ಲೂಕನ ಸುವಾರ್ತೆ ಸಿಕ್ಕಿತ್ತು. ಆದರೆ ಮನಸ್ಸು ತಿರುಗಿಸಿದ್ದು ಬರೀ ಪುಸ್ತಕವಲ್ಲ. ಇಂಗ್ಲೆಂಡಿನಲ್ಲಿ ಕ್ರೈಸ್ತ ಸನ್ಯಾಸಿನಿಯರು, ಸಮಾಜ ಹೊರಗಿಟ್ಟ ಹೆಂಗಸರನ್ನು ಮನೆಯವರಂತೆ ನೋಡಿಕೊಳ್ಳುವುದನ್ನು ಕಂಡು ಇದಕ್ಕೆ ಕಾರಣವೇನೆಂದು ಕೇಳಿದರು. ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಕಥೆಯನ್ನು ಓದಿ ಹೇಳಿದರು. 1883ರಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಹಾಗೆಂದು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಇರಲಿ ಎಂದು ವಾದಿಸಿದರು!

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದು ಪುಣೆಗೆ ಬಂದ ಮೇಲೆ ಮತಾಂತರದ ಗುಮಾನಿಯಿಂದ ಹಲವು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಪಾಲಕರ ಆತಂಕವನ್ನು ಸುಳ್ಳೆನ್ನಲಾಗದು. ಅಲ್ಲಿ ಕೆಲವು ಹುಡುಗಿಯರ ಮನಸ್ಸು ಕ್ರಿಸ್ತನ ಕಡೆ ವಾಲಿದ್ದು ನಿಜವೇ. 1896ರಲ್ಲಿ ಮಧ್ಯ ಪ್ರಾಂತ್ಯಕ್ಕೆ ಬರ ಬಂದಾಗ ರಮಾಬಾಯಿ ಮನೆಯಲ್ಲಿ ಕೂರಲಿಲ್ಲ. ತಾವೇ ಹೋಗಿ, ಹಸಿದು ಬಿದ್ದಿದ್ದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರ ಕೇಡಗಾಂವದಲ್ಲಿದ್ದ ಅವರ 'ಮುಕ್ತಿ'ಯಲ್ಲಿ, 1900ರ ಬರದ ಹೊತ್ತಿಗೆ ಸುಮಾರು 2,000 ಮಂದಿಗೆ ಊಟ, ಪಾಠ, ಕೈಕೆಲಸ ನಡೆಯುತ್ತಿತ್ತು. ಅಲ್ಲಿ ಯಾರೂ ಬಾಗಿಲಲ್ಲಿ ನಿಂತು ರೊಟ್ಟಿ ಬೇಡಬೇಕಾಗಿರಲಿಲ್ಲ.

1910ರ ದಶಕದಲ್ಲಿ ಮಗಳು ಮನೋರಮಾ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲಬರ್ಗಾದಲ್ಲಿ ಒಂದು ಶಾಲೆ ಕಟ್ಟಲು ಮುಂದಾದರು. ಅಜ್ಜಿ ಸಜ್ಜೆ ರೊಟ್ಟಿ ಕೇಳುತ್ತ ಕಣ್ಣು ಮುಚ್ಚಿದ ರಾಯಚೂರಿನಿಂದ ಅದು ರೈಲಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ.