ಕಸುಬಿನ ಕಾಲಂ ಖಾಲಿ ಬಿಡಬೇಡಿ

ನಮ್ಮ ಸದಸ್ಯತ್ವದ ಚೀಟಿಯಲ್ಲಿ ಹೆಸರು, ಊರು ಆದಮೇಲೆ ‘ಕಸುಬು’ ಎಂದೊಂದು ಕಾಲಂ ಇದೆ. ಅಲ್ಲಿ ‘ಪರಿಸರ ಪ್ರೇಮಿ’ ಎಂದು ಬರೆದ ಚೀಟಿಗಳನ್ನು ವಾಪಸು ಕೊಡುತ್ತೇವೆ. ಯಾರೂ ಬೇಜಾರು ಮಾಡಿಕೊಳ್ಳಬಾರದು. ಅಘನಾಶಿನಿ ಕಣಿವೆಯಲ್ಲಿ ಈ ಚಳವಳಿ ಕಟ್ಟಲು ಕೂತ ಏಳು ಗೆಳೆಯರಲ್ಲಿ ಕಾಡಿನ ಮೇಲಿನ ಪ್ರೀತಿ ಉಕ್ಕಿ ಬಂದವರು ಯಾರೂ ಇಲ್ಲ. ಬಹುಪಾಲು ಜನ ಬಂದದ್ದು ಕಾಡನ್ನು ಅಳೆದು, ಅಗೆದು, ಸೊಪ್ಪು ಸವರಿ. ಎಲ್ಲಿಂದ ಬಂದೆವು ಎಂಬುದನ್ನು ಮೊದಲು ಹೇಳಿಬಿಡುತ್ತೇವೆ.

ಎಲ್ಲರಿಗಿಂತ ಹಿರಿಯರು ನಾಟಾ ಡಿಪೋದಲ್ಲಿ ಗುಮಾಸ್ತರಾಗಿದ್ದವರು. ಇಪ್ಪತ್ತಾರು ವರ್ಷ ದಿಮ್ಮಿಗಳ ಸುತ್ತಳತೆ ಹಿಡಿದು ರಿಜಿಸ್ಟರಿಗೆ ಏರಿಸಿದರು. ಒಂದು ಸಲ ಹಳೆಯ ಧೂಪದ ದಿಮ್ಮಿಯೊಂದು ಬಂತು, ನಡುವೆ ಪೊಟರೆ. ಪೊಟರೆಯಿದ್ದರೆ ಅಷ್ಟು ಘನ ಅಡಿ ಕಳೆದು ಬರೆಯಬೇಕು. ಆಳ ನೋಡಲು ಕೋಲು ಹಾಕಿದರೆ ಗಟ್ಟಿಯಾಗಿ ಒಣಗಿದ ಹಿಕ್ಕೆಯ ಹೆಪ್ಪು, ಒಂದಿಷ್ಟು ಹಣ್ಣಿನ ಬೀಜ, ಎರಡು ಉದ್ದನೆಯ ಗರಿ ಹೊರಬಂದವು. ಹೆಣ್ಣು ಮಂಗಟ್ಟೆ ಮೊಟ್ಟೆಯಿಡುವ ಕಾಲಕ್ಕೆ ಪೊಟರೆಯೊಳಗೆ ಕೂತು ಅದರ ಬಾಯಿ ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ತಂದುಕೊಟ್ಟ ಹಣ್ಣಿನ ಮೇಲೆಯೇ ಅದರ ಜೀವನ. ನಮ್ಮ ಗುಮಾಸ್ತರು ಕೋಲು ಒರೆಸಿ ಪಕ್ಕಕ್ಕಿಟ್ಟು ‘ಪೊಟರೆ ಬಾಬ್ತು ಕಡಿತ’ ಎಂದು ಬರೆದರು. ಆ ಗರಿಗಳಿಗಿಂತ ಆ ಕಾಲಮ್ಮೇ ಅವರನ್ನು ಇವತ್ತಿಗೂ ಕಾಡುತ್ತದೆ. ಹಕ್ಕಿಯ ಮನೆಯನ್ನು ನಷ್ಟಕ್ಕೆ ಹಾಕುವ ಪುಸ್ತಕವನ್ನು ನಾನು ದುಂಡಗಿನ ಅಕ್ಷರದಲ್ಲಿ ಬರೆದೆ ಮಾರಾಯ್ರೆ, ಎನ್ನುತ್ತಾರೆ.

ಜೆಸಿಬಿ ಓಡಿಸುವ ತಮ್ಮನೊಬ್ಬನಿದ್ದಾನೆ. ಗುಡ್ಡ ಕಡಿಯುವಾಗ ಮೇಲಿನ ಜಂಬಿಟ್ಟಿಗೆಯ ಪದರ ಮುಗಿದು ಬಕೆಟ್ಟಿಗೆ ಬೆಣ್ಣೆಯಂಥ ಶೇಡಿ ಮಣ್ಣು ಹತ್ತಿದರೆ ಆ ಗುಡ್ಡ ಮಳೆಗೆ ನಿಲ್ಲುವುದಿಲ್ಲವೆಂದು ಅವನ ಕೈಗೆ ಗೊತ್ತಾಗುತ್ತದೆ. ಹೇಳಿದರೆ, “ನಿಂಗ್ಯಾಕೋ ಅದೆಲ್ಲ, ತಾಸಿನ ಲೆಕ್ಕ ನೋಡ್ಕ” ಎಂಬ ಉತ್ತರ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಜಾರಿದಾಗ ಇವನು ಎರಡು ದಿನ ಊಟ ಬಿಟ್ಟ. ಆ ಗುಡ್ಡದ ಬುಡಕ್ಕೆ ಬಕೆಟ್ಟು ಹಾಕಿದವನು ಇವನಲ್ಲ. ಆದರೆ ಅಂಥವೇ ಹದಿನಾಲ್ಕು ಗುಡ್ಡ ಕಡಿದಿದ್ದ, ಒಂದೊಂದಾಗಿ ಎಣಿಸಿ ಹೇಳಿದ. ಗಾಡಿಯ ಕಂತು ಇನ್ನೂ ಬಾಕಿಯಿದೆ, ಹಾಗಾಗಿ ಇವತ್ತಿಗೂ ಓಡಿಸುತ್ತಾನೆ. ಶೇಡಿ ಕಂಡಲ್ಲಿ ಯಂತ್ರ ನಿಲ್ಲಿಸುತ್ತಾನೆ, ಅಷ್ಟೇ ವ್ಯತ್ಯಾಸ. ನಮಗೆ ಸದ್ಯಕ್ಕೆ ಅಷ್ಟು ಸಾಕು.

ಅಳಿವೆಯಲ್ಲಿ ಬಳಚು ಆಯುವ ಅಕ್ಕ ಮಾತ್ರ ಈ ಪಾಪದ ಪಟ್ಟಿಯಲ್ಲಿಲ್ಲ. ತದಡಿಯಲ್ಲಿ 4000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದಿದ್ದ ಕಾಲದಲ್ಲಿ ಬುಟ್ಟಿ ಹೊತ್ತೇ ಸಭೆಗಳಿಗೆ ಹೋಗಿದ್ದವರು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ ಸೇರಿದಾಗ ನಾವು ಪೇಪರು ಹಿಡಿದು ಸಂಭ್ರಮದಿಂದ ಅವರ ಮನೆಗೆ ಹೋದೆವು. ಪೂರ್ತಿ ಕೇಳಿಸಿಕೊಂಡು, “ಹಂಗಾರೆ ಮರಳು ತೆಗಿಯುದು ನಿಲ್ತದ್ಯಾ?” ಎಂದರು. ಏಳು ಜನರಲ್ಲಿ ಆರು ಜನ ಓದಿದವರು. ಒಬ್ಬರಿಗೂ ಬಾಯಿ ಬರಲಿಲ್ಲ.

ಇದನ್ನು ಬರೆಯುತ್ತಿರುವ ನಾನು ಅಡಿಕೆ ತೋಟದವನು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬ ಸವಲತ್ತು ಬ್ರಿಟಿಷರ ಕಾಲದಿಂದ ನಮಗಿದೆ. ನಮ್ಮ ಮನೆಯ ಬೆಟ್ಟದ ಮರಗಳು ವರ್ಷವರ್ಷವೂ ಸವರಿಸಿಕೊಂಡು ಮೋಟು ಕಂಬಗಳಾಗಿವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಸುತ್ತಿನ ಜನ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದ ಕಥೆಯನ್ನು ನಾವು ನೆಂಟರಿಷ್ಟರಿಗೆಲ್ಲ ಹೇಳುತ್ತೇವೆ. ಸ್ವಂತ ಬೆಟ್ಟದ ಮಾತು ಬಂದರೆ ಕವಳ ಉಗಿಯಲು ಎದ್ದು ಹೋಗುತ್ತೇವೆ.

ಉಳಿದ ಮೂವರು: ಲಿಂಗನಮಕ್ಕಿ ಹಿನ್ನೀರಿನಲ್ಲಿ ಅಜ್ಜನ ಮನೆ ಮುಳುಗಿ, ಕರೆಂಟು ಕಂಬ ಹತ್ತಿಯೇ ಸಂಸಾರ ಸಾಗಿಸಿದ ಲೈನ್‌ಮನ್, ಬ್ಯಾಂಕಿನಲ್ಲಿ ಸಾಲದ ಅರ್ಜಿಗಳಿಗೆ ಮೊಹರು ಒತ್ತುತ್ತಿದ್ದವರು, ಮಕ್ಕಳಿಗೆ ಸಿಂಗಳೀಕದ ಚಿತ್ರ ಬಿಡಿಸಲು ಕಲಿಸಿ, ನಿಜವಾದ ಸಿಂಗಳೀಕವನ್ನು ನಿವೃತ್ತಿಯಾದ ಮೇಲೆ ಕತ್ತಲೆಕಾನಿನಲ್ಲಿ ಮೊದಲ ಸಲ ಕಂಡ ಮೇಷ್ಟ್ರು.

ಕಸುಬು ಹೊತ್ತು ಚಳವಳಿಗೆ ಬಂದವರು ನಾವಷ್ಟೇ ಅಲ್ಲ. ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯುತ್ತಲೇ ಯಾವ ತಾಯಿಮರದ ಬೀಜವನ್ನು ಯಾವಾಗ ಹೆಕ್ಕಬೇಕೆಂದು ಕಲಿತರು. ಪದ್ಮಶ್ರೀ ಎಷ್ಟೋ ಕಾಲದ ಮೇಲಿನ ಮಾತು. ಕೈಗಾ ಸ್ಥಾವರದ ವಿರುದ್ಧ ಜನರನ್ನು ಕೂಡಿಸಿದ ಕುಸುಮಾ ಸೊರಬ ವೈದ್ಯೆ. ಎಸ್.ಆರ್. ಹಿರೇಮಠರು ಅಮೆರಿಕದ ನೌಕರಿ ಬಿಟ್ಟು ಬಂದವರು. ಅವರಿದ್ದ 1987ರ ಕಿತ್ತಿಕೋ-ಹಚ್ಚಿಕೋ ಚಳವಳಿಯಲ್ಲಿ ಕುಸನೂರಿನ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಹುಲಿ ಎಣಿಕೆಗೆ ಶಿಸ್ತು ತಂದ ಉಲ್ಲಾಸ ಕಾರಂತರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಇವರೆಲ್ಲ ಹಳೆಯ ವಿದ್ಯೆಯನ್ನು ಕಟ್ಟೆಯ ಮೇಲಿಟ್ಟು ಬಂದವರಲ್ಲ, ಜತೆಗೇ ತಂದವರು.

ಈಗ ಕೆಲಸದ ಮಾತು. ಶರಾವತಿ ಕಣಿವೆಯಲ್ಲಿ, ಸಿಂಗಳೀಕದ ಅಭಯಾರಣ್ಯದೊಳಗೆ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಬೇಡ್ತಿಯನ್ನು ವರದೆಗೆ, ಅಣೆಕಟ್ಟು ಕಾಣದ ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪಗಳಿವೆ. ಇವುಗಳಿಗೆ ಬೇಡ ಎನ್ನುವುದು ಸುಲಭ, ಬೇಡ ಎಂದೇ ಹೇಳುತ್ತೇವೆ. ಅದಕ್ಕೂ ಮೊದಲು ಯೋಜನೆಯ ಪರಿಸರ ಪರಿಣಾಮದ ವರದಿಯನ್ನು ಹಾಳೆ ಹಾಳೆಯಾಗಿ ಹಂಚಿಕೊಳ್ಳುತ್ತೇವೆ. ಮರಗಳ ಪಟ್ಟಿ ಗುಮಾಸ್ತರಿಗೆ, ಸುರಂಗ ಮತ್ತು ರಸ್ತೆಯ ಪುಟ ಜೆಸಿಬಿ ತಮ್ಮನಿಗೆ, ವಿದ್ಯುತ್ತಿನ ಲೆಕ್ಕ ಲೈನ್‌ಮನ್‌ಗೆ, ಬಡ್ಡಿಯ ಪುಟ ಬ್ಯಾಂಕಿನವರಿಗೆ. ಅಳಿವೆಯ ಪುಟಗಳನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುವುದು ಮೇಷ್ಟ್ರ ಜವಾಬ್ದಾರಿ.

ಇಂಥ ಯೋಜನೆಯ ಅಹವಾಲು ಸಭೆಗೆ ಕನಿಷ್ಠ 30 ದಿನದ ನೋಟಿಸು ಕೊಡುತ್ತಾರೆ. ಸಾರಾಂಶ ಕನ್ನಡದಲ್ಲಿರುತ್ತದೆ, ನೂರಾರು ಪುಟದ ಮೂಲ ಇಂಗ್ಲಿಷಿನಲ್ಲೇ ಕೂತಿರುತ್ತದೆ. ಇಡೀ ವರದಿ ಕನ್ನಡದಲ್ಲಿ ಬರಲಿ, ನೋಟಿಸಿನ ದಿನವನ್ನು ಆ ಕನ್ನಡ ವರದಿ ಪಂಚಾಯ್ತಿ ಕಚೇರಿ ತಲುಪಿದ ಮೇಲೆಯೇ ಎಣಿಸಲಿ, ಇದು ನಮ್ಮ ಮೊದಲ ಹಕ್ಕೊತ್ತಾಯ. ಜೀವಿಗಳ ಎಣಿಕೆ ಮಳೆಗಾಲದಲ್ಲೂ ನಡೆಯಬೇಕು. ರಾಂಪತ್ರೆ ಜಡ್ಡಿಯ ಕಪ್ಪೆ ಬಾಯಿ ಬಿಡುವುದೇ ಆಗ.

ನಮಗೆ ನಾವೇ ಹಾಕಿಕೊಂಡ ಕಟ್ಟೂ ಇದೆ. ಬಡವನ ಅರ್ಧ ಎಕರೆ ಅತಿಕ್ರಮಣದ ಬಗ್ಗೆ ಬಾಯಿ ತೆರೆಯುವ ಮೊದಲು ತೋಟದವರು ತಮ್ಮ ಸೊಪ್ಪಿನ ಬೆಟ್ಟದಲ್ಲಿ ನಿಂತ ಮರಗಳನ್ನು ಎಣಿಸಿ ಪಟ್ಟಿ ಅಂಟಿಸಬೇಕು. ನನ್ನದು ಆಗಲೇ ಸೊಸೈಟಿಯ ಗೋಡೆಯ ಮೇಲಿದೆ, ನೋಡಿ ನಗಬಹುದು. ಸಭೆಗೆ ಬಂದು ಕೂಲಿ ಕಳೆದುಕೊಂಡವರ ದಿನದ ಕೂಲಿಯನ್ನು ಅಡಿಕೆ ಮಾರಿದವರು ಕೊಡಬೇಕು. ಈ ಮಾತಿಗೆ ನಮ್ಮೊಳಗೇ ಎರಡು ಸಂಜೆ ಜಗಳವಾಯಿತು. ಕೊನೆಗೆ ಒಪ್ಪಿದೆವು.

ಚಳವಳಿಗೆ ಇನ್ನೂ ಹೆಸರಿಟ್ಟಿಲ್ಲ. ಮೊದಲ ಸಭೆ ಮೇಷ್ಟ್ರ ಮನೆಯ ಜಗಲಿಯಲ್ಲಿ. ಅಳತೆಯ ಟೇಪು, ಹಳೆಯ ರಿಜಿಸ್ಟರು, ಪಹಣಿ, ಕೈಗೆ ಸಿಕ್ಕಿದ್ದು ತನ್ನಿ. ಎಷ್ಟು ಗಂಟೆಗೆ ಎಂದು ಈಗಲೇ ಕೇಳಬೇಡಿ: ಇಳಿತದ ಹೊತ್ತಿನಲ್ಲಿ ಅಕ್ಕ ನೀರಿನಲ್ಲಿರುತ್ತಾರೆ, ಅದನ್ನು ನೋಡಿಕೊಂಡು ತಿಳಿಸುತ್ತೇವೆ.