ವಚನವನ್ನು ಬಲ್ಲೆವು, ಗ್ರಂಥವನ್ನು ಬಲ್ಲೆವೇ?

ಪವಿತ್ರ ಬೈಬಲ್ ಇಲ್ಲದ ಕಥೋಲಿಕ ಮನೆ ಇಂದು ವಿರಳ. ಪವಿತ್ರ ಹೃದಯದ ಪಟದ ಕೆಳಗೆ, ಮೇಣದ ಬತ್ತಿಯ ಪಕ್ಕದಲ್ಲಿ ಅದಕ್ಕೊಂದು ಗೌರವದ ಸ್ಥಾನವಿದೆ. ಅದರ ಬಿಡಿ ವಚನಗಳು ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಆಟೋರಿಕ್ಷಾದ ಬೆನ್ನ ಮೇಲೆ, ಈಚೆಗೆ ಮೊಬೈಲ್ ಸಂದೇಶಗಳಲ್ಲಿಯೂ ಕಾಣಸಿಗುತ್ತವೆ. ಇದು ಸಂತೋಷದ ಸಂಗತಿಯೇ. ಆದರೆ ಗೌರವಿಸುವುದು ಬೇರೆ, ಓದುವುದು ಬೇರೆ. ಓದುವುದು ಬೇರೆ, ಅರಿಯುವುದು ಬೇರೆ. ಬಿಡಿ ವಚನಗಳಲ್ಲಿಯೇ ತೃಪ್ತಿಪಡುವ ವಿಶ್ವಾಸವು ಕಷ್ಟಕಾಲದಲ್ಲಿ ಕೈಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಒಂದು ಉದಾಹರಣೆಯನ್ನು ನೋಡೋಣ. ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ ನಮ್ಮಲ್ಲಿ ಬಹಳ ಪ್ರಸಿದ್ಧ. ದೇವರು ತಮ್ಮ ಜನರಿಗಾಗಿ ಕೇಡನ್ನಲ್ಲ, ಕ್ಷೇಮವನ್ನೇ ಸಂಕಲ್ಪಿಸಿದ್ದಾರೆ ಎಂಬುದು ಅದರ ತಾತ್ಪರ್ಯ. ಪರೀಕ್ಷೆ ಬರೆಯುವ ಮಗನಿಗೆ, ವೀಸಾಕ್ಕಾಗಿ ಕಾಯುವ ಮಗಳಿಗೆ, ಆಸ್ಪತ್ರೆ ಸೇರಿದ ತಂದೆಗೆ ನಾವು ಇದನ್ನೇ ಹೇಳುತ್ತೇವೆ. ಆದರೆ ಈ ಮಾತು ಮೊದಲು ಯಾರಿಗೆ ಬಂದಿತು?

ಕ್ರಿಸ್ತಪೂರ್ವ 597ರಲ್ಲಿ ಅರಸ ನೆಬೂಕದ್ನೆಚ್ಚರನು ಜೆರುಸಲೇಮಿನ ರಾಜನನ್ನೂ ಅಧಿಕಾರಿಗಳನ್ನೂ ಕುಶಲಕರ್ಮಿಗಳನ್ನೂ ಬಾಬಿಲೋನಿಗೆ ಸೆರೆಯೊಯ್ದನು. ಕೆಲವು ವರ್ಷಗಳಾದ ಮೇಲೆ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಎರಡೇ ವರ್ಷಗಳಲ್ಲಿ ಎಲ್ಲರೂ ಮರಳುವರೆಂದು ಸಾರಿದನು. ಜನರಿಗೆ ಬೇಕಾಗಿದ್ದುದು ಆ ಮಾತೇ. ಯೆರೆಮೀಯನಾದರೋ ಸೆರೆಯಾಳುಗಳಿಗೆ ಬೇರೆಯೇ ಬಗೆಯ ಪತ್ರ ಬರೆದನು: ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ, ಆ ನಗರದ ಒಳಿತಿಗಾಗಿ ಪ್ರಾರ್ಥಿಸಿರಿ, ಬಾಬಿಲೋನಿಗೆ ಎಪ್ಪತ್ತು ವರ್ಷ ತುಂಬಿದ ಬಳಿಕ ಸರ್ವೇಶ್ವರನು ನಿಮ್ಮನ್ನು ಕರೆತರುವನು. ಈ ಎಪ್ಪತ್ತು ವರ್ಷಗಳ ಮಾತು ಇರುವುದು ನಮ್ಮ ಪ್ರಿಯ ವಚನದ ಹಿಂದಿನ ವಚನದಲ್ಲಿಯೇ. ಆ ಪತ್ರವನ್ನು ಕೇಳಿದ ಹಿರಿಯರಲ್ಲಿ ಬಹುಮಂದಿ ಮರಳಿ ಜೆರುಸಲೇಮನ್ನು ಕಾಣುವಂತಿರಲಿಲ್ಲ. ಮರಳುವ ಭಾಗ್ಯ ಅವರ ಮಕ್ಕಳು ಮೊಮ್ಮಕ್ಕಳದು. ಆದರೂ ಆ ಹಿರಿಯರನ್ನೇ ಕುರಿತು ದೇವರು ಕ್ಷೇಮದ ಮಾತನ್ನಾಡಿದರು.

ನಮ್ಮಲ್ಲಿ ಅನೇಕರು ಯೆರೆಮೀಯನ ವಚನವನ್ನು ಹಿಡಿದು ಹನನ್ಯನ ನಿರೀಕ್ಷೆಯನ್ನು ಬೆಳೆಸಿಕೊಂಡಿದ್ದಾರೆ. ಅದರ ಫಲವನ್ನು ಗುರುಗಳಾದ ನಾವು ಶೋಕದ ಮನೆಗಳಲ್ಲಿ ಕಾಣುತ್ತೇವೆ. ಈ ವಚನವನ್ನು ನಂಬಿದರೆ ರೋಗಿ ಖಂಡಿತ ಎದ್ದು ನಡೆಯುವನೆಂದು ಯಾರೋ ಭರವಸೆ ಕೊಟ್ಟಿರುತ್ತಾರೆ. ರೋಗಿ ತೀರಿಕೊಂಡಾಗ ಮನೆಯವರಿಗೆ ಉಳಿಯುವುದು ಎರಡೇ ದಾರಿ: ದೇವರು ಮಾತಿಗೆ ತಪ್ಪಿದರು ಎನ್ನಬೇಕು, ಇಲ್ಲವೇ ನಮ್ಮ ವಿಶ್ವಾಸ ಸಾಲದಾಯಿತು ಎಂದು ತಮ್ಮನ್ನೇ ದೂಷಿಸಿಕೊಳ್ಳಬೇಕು. ಎರಡೂ ಸುಳ್ಳು. ಆ ಅಧ್ಯಾಯವನ್ನು ಮೊದಲಿನಿಂದ ಓದಿದ್ದವರಿಗೆ ಈ ಇಕ್ಕಟ್ಟು ಬರುತ್ತಿರಲಿಲ್ಲ.

ಬಿಡಿ ವಚನವು ಆಯುಧವೂ ಆಗಬಲ್ಲದು. ಪತ್ನಿಯರು ಪತಿಯರಿಗೆ ಅಧೀನರಾಗಿರಬೇಕೆಂದು ಸಂತ ಪೌಲರು ಎಫೆಸದವರಿಗೆ ಬರೆದುದನ್ನು ಉಚ್ಚರಿಸಿ ಹೆಂಡತಿಯ ಬಾಯಿ ಮುಚ್ಚಿಸುವ ಗಂಡಂದಿರು ಇದ್ದಾರೆ. ಅದಕ್ಕೆ ಹಿಂದಿನ ವಚನ ಎಲ್ಲರೂ ಪರಸ್ಪರ ಅಧೀನರಾಗಿರಬೇಕೆನ್ನುತ್ತದೆ. ಮುಂದಿನ ವಚನಗಳು ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟಂತೆ ಪತಿಯು ಪತ್ನಿಯನ್ನು ಪ್ರೀತಿಸಬೇಕೆನ್ನುತ್ತವೆ. ಇವನ್ನು ಬಿಟ್ಟು ನಡುವಿನದನ್ನು ಮಾತ್ರ ಹಿಡಿದವರು ಪೌಲರ ಮಾತನ್ನು ಅರ್ಧಕ್ಕೇ ತುಂಡರಿಸಿದಂತೆ.

ನಮ್ಮ ದೇಶದ ಮೀಮಾಂಸಕರು ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ಅದರ ಉಪಕ್ರಮ, ಉಪಸಂಹಾರಗಳನ್ನು, ಅಂದರೆ ಆರಂಭವನ್ನೂ ಮುಕ್ತಾಯವನ್ನೂ ಮೊದಲು ನೋಡಬೇಕೆಂದರು. ಮಾತಿನ ಅರ್ಥ ಅದರ ಸಂದರ್ಭದಲ್ಲಿದೆ ಎಂಬುದು ಸಾಮಾನ್ಯ ವಿವೇಕ. ಅಷ್ಟೇಕೆ, ಬೈಬಲಿನ ಈಗಿನ ಅಧ್ಯಾಯ ವಿಂಗಡಣೆ ಕ್ರಿಸ್ತಶಕ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಸಂಖ್ಯೆ ಕೊಟ್ಟವನು 1551ರಲ್ಲಿ ರೋಬೇರ್ ಎತಿಯೆನ್ ಎಂಬ ಮುದ್ರಕ. ಪೌಲರು ಬರೆದದ್ದು ಪತ್ರಗಳನ್ನು, ಸಂಖ್ಯೆ ಹಾಕಿದ ವಚನಗಳನ್ನಲ್ಲ.

ಇದೆಲ್ಲ ಗುರುಗಳ ಕೆಲಸ, ದುಡಿದು ದಣಿದವರಿಗೇಕೆ ಎಂದು ಕೆಲವರು ಕೇಳಬಹುದು. ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ ಧರ್ಮಶಾಸನದಲ್ಲಿ, ಪವಿತ್ರ ಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ತೆರೆದಿರಬೇಕೆಂದು ವಿಧಿಸಿತು. ಆ ಮಹಾಸಭೆಯ ಫಲವಾಗಿಯೇ ಭಾನುವಾರದ ವಾಚನಗಳು ಮೂರು ವರ್ಷಗಳ ಆವರ್ತನಕ್ಕೆ ಬಂದವು. 1967ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನೆಗಾಗಿ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಯಾಯಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯಕ್ಕೆ ಮೀಸಲಿಟ್ಟರು. ಹತ್ತು ನಿಮಿಷದ ಪ್ರಬೋಧನೆಯಲ್ಲಿ ಗುರುಗಳು ಬಾಗಿಲು ತೋರಿಸಬಲ್ಲರು. ಒಳಹೊಕ್ಕು ನಡೆಯಬೇಕಾದವರು ವಿಶ್ವಾಸಿಗಳೇ.

ಆಳವಾದ ಅಧ್ಯಯನವೆಂದರೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿಯುವುದೆಂದಲ್ಲ. ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಸಾಕು. ಈ ಮಾತನ್ನು ಯಾರು, ಯಾರಿಗೆ, ಯಾವ ಪರಿಸ್ಥಿತಿಯಲ್ಲಿ ಹೇಳಿದರು? ಇದರ ಹಿಂದೆ ಮುಂದೆ ಏನಿದೆ? ಯೇಸುಸ್ವಾಮಿಯ ಬಾಳಿನ ಬೆಳಕಿನಲ್ಲಿ, ಧರ್ಮಸಭೆಯ ವಿಶ್ವಾಸದೊಡನೆ ಓದಿದಾಗ ಇದು ನಮಗೇನು ಹೇಳುತ್ತದೆ? ಶನಿವಾರ ರಾತ್ರಿ ಜಪಸರ ಮುಗಿದ ಮೇಲೆ ಮರುದಿನದ ಶುಭಸಂದೇಶವನ್ನು ಅದರ ಹಿಂದುಮುಂದಿನ ಭಾಗಗಳೊಡನೆ ಮನೆಮಂದಿಯೆಲ್ಲ ಕೂಡಿ ಓದಬಹುದು. ತಿಳಿಯದ ಪ್ರಶ್ನೆಗಳನ್ನು ಕಿರು ಕ್ರೈಸ್ತ ಸಮುದಾಯದ ಸಭೆಗೆ ತರಬಹುದು. ಅಲ್ಲಿ ಉತ್ತರಿಸಲು ಸಿದ್ಧರಾಗಿರುವುದು ಗುರುಗಳ ಕರ್ತವ್ಯ. ಮಾರ್ಕನ ಶುಭಸಂದೇಶ ಹದಿನಾರೇ ಅಧ್ಯಾಯಗಳದು. ದಿನಕ್ಕೊಂದರಂತೆ ಓದಿದರೆ ತಪಸ್ಸುಕಾಲ ಅರ್ಧ ಕಳೆಯುವ ಮುನ್ನವೇ ಮುಗಿಯುತ್ತದೆ.

ಗೋಡೆಯ ಮೇಲಿನ ವಚನವನ್ನು ಯಾರೂ ತೆಗೆಯಬೇಕಾಗಿಲ್ಲ. ಆ ಅಧ್ಯಾಯವನ್ನು ಮಾತ್ರ ಮೊದಲ ವಚನದಿಂದ ಓದಿರಿ. ಎರಡು ವರ್ಷಗಳ ಭರವಸೆ ಕೊಟ್ಟವನು ಹನನ್ಯ. ಎಪ್ಪತ್ತು ವರ್ಷಗಳ ಕಾಯುವಿಕೆಯಲ್ಲಿಯೂ ಜೊತೆಗಿದ್ದವರು ದೇವರು.